ಪ್ಯಾಕೇಜ್ ಇಳೀತು

ನಮ್ಮ ಓಣಿಯಲ್ಲಿ ನನಗೆ 'ಪ್ಯಾಕೇಜ್ ಬಾಯಿ' ಎಂಬ ಅಡ್ಡಹೆಸರಿದೆ; ನಮ್ಮ ಕಡೆ ಬಾಯಿ ಎಂದರೆ ಹೆಂಗಸು. ಮೊದಲು ಅದು ಬೈಗುಳವಾಗಿತ್ತು. ಬಳಸಿ ಬಳಸಿ ಸವೆದು ಈಗ ಸಲಿಗೆಯ ಮಾತಾಗಿದೆ. ಔರಾದಿನ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹಾಗೆ ಕೂಗಿದರೆ ನಕ್ಕು ತಿರುಗಿ ನೋಡುತ್ತೇನೆ. ನಗು ಮಾತ್ರ ಪೂರ್ತಿ ಬರುವುದಿಲ್ಲ. ಆ ಹೆಸರು ಹುಟ್ಟಿದ ಶುಕ್ರವಾರ ನೆನಪಾಗುತ್ತದೆ.

ಅದು ಬರದ ವರ್ಷ. ಒಂದರ ಬೆನ್ನಿಗೆ ಒಂದು ಬಂದ ಬರಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಬರ ಎಂದರೆ ಹೊಲದವರಿಗೆ ಮಾತ್ರ ಎಂದು ಪೇಪರಿನವರು ಬರೆಯುತ್ತಾರೆ. ನಮಗೆ ಹೊಲವೇ ಇರಲಿಲ್ಲ. ಅಪ್ಪ ಗೌಂಡಿ. ಗೋಡೆ ಕಟ್ಟುವುದಕ್ಕೆ ನೀರು ಬೇಕು, ಕಟ್ಟಿದ ಗೋಡೆಗೆ ಹೊಡೆಯುವುದಕ್ಕೆ ಇನ್ನೂ ನೀರು ಬೇಕು. ಕುಡಿಯಲು ಟ್ಯಾಂಕರಿನ ದಾರಿ ಕಾಯುವ ಊರಿನಲ್ಲಿ ಮನೆ ಕಟ್ಟಿಸುವವರು ಯಾರು? ಅಪ್ಪನ ಗಾರೆ ಮೆತ್ತುವ ಥಾಪಿ ಗೋಡೆಯ ಗೂಡಿನಲ್ಲಿ ಬಿದ್ದಿತ್ತು, ಅಪ್ಪ ಬುದ್ಧ ವಿಹಾರದ ಕಟ್ಟೆಯ ಮೇಲೆ ಕೂತಿರುತ್ತಿದ್ದ. ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯವಳ ಗಂಡ ನೆಲಕ್ಕೆ ಫರಸಿ ಕಲ್ಲು ಹಾಸುವವನು. ಅವನೂ ಅದೇ ಕಟ್ಟೆಯ ಮೇಲೆ. ನಮ್ಮ ಓಣಿಯೆಂದರೆ ಹೆಚ್ಚುಕಡಿಮೆ ಕಟ್ಟಡದ ಕೆಲಸದವರದೇ ಓಣಿ. ಊರಿನ ಅರ್ಧ ಮನೆಗಳನ್ನು ಕಟ್ಟಿದ ಕೈಗಳೆಲ್ಲ ಆಗ ಬರಿದೇ ಕೂತಿದ್ದವು.

ನಾನು ಭಾಲ್ಕಿಯ ಕಾಲೇಜಿನಲ್ಲಿ ಕಂಪ್ಯೂಟರ್ ಡಿಗ್ರಿಯ ಕೊನೆಯ ಸೆಮಿಸ್ಟರಿನಲ್ಲಿದ್ದೆ. ಹಾಸ್ಟೆಲಿನ ಬೋರು ಬತ್ತಿತೆಂದು ನಮ್ಮನ್ನೆಲ್ಲ ಮನೆಗೆ ಕಳಿಸಿದ್ದರು. ಬರೆಯುವ ಪರೀಕ್ಷೆಗಳು ಮುಗಿದಿದ್ದವು. ಪ್ರಾಜೆಕ್ಟು ತೋರಿಸುವುದೊಂದು ಬಾಕಿ, ಅದು ಸೋಮವಾರ. ಅವರವರ ಲ್ಯಾಪ್‌ಟಾಪಿನಲ್ಲೇ ಹೊರಗಿನಿಂದ ಬಂದ ಪರೀಕ್ಷಕರ ಎದುರು ಪ್ರೋಗ್ರಾಂ ಓಡಿಸಿ ತೋರಿಸಬೇಕು. ಓಡಿದರೆ ಡಿಗ್ರಿ, ಓಡದಿದ್ದರೆ ವರ್ಷ ಹೋಯಿತು.

ಅಷ್ಟರಲ್ಲಿ ಕೂಲಿಯಾಳುಗಳನ್ನು ಕರೆದೊಯ್ಯುವ ಮುಕಾದಮ ಬಂದ. ಪುಣೆಯಲ್ಲಿ ದೊಡ್ಡ ಕಟ್ಟಡವೊಂದು ಏಳುತ್ತಿದೆ, ಗೌಂಡಿ, ಫರಸಿಯವರು, ಸಾಮಾನು ಹೊರುವ ಹೆಣ್ಣಾಳು ಎಲ್ಲರೂ ಬೇಕು, ಇರಲು ಪಕ್ಕಾ ಖೋಲಿ, ಬಾಗಿಲ ಮುಂದೆಯೇ ನಳ ಎಂದ. ನಳ ಎಂದಾಗ ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶುಕ್ರವಾರ ಮಧ್ಯಾಹ್ನ ಟೆಂಪೊ ಬರುತ್ತದೆ, ಹತ್ತುವವರು ಹತ್ತಬಹುದು, ನಡುವೆ ಯಾರನ್ನೂ ತಿರುಗಿ ಬಿಡುವುದಿಲ್ಲ ಎಂದೂ ಹೇಳಿದ. ಸುತ್ತಲಿನ ನಾಲ್ಕಾರು ಮನೆಗಳಲ್ಲಿ ಗಂಟು ಕಟ್ಟುವುದು ಶುರುವಾಯಿತು.

"ನನ್ನ ಪ್ರಾಕ್ಟಿಕಲ್ ಸೋಮವಾರ ಅದ ಅಪ್ಪ," ಎಂದೆ.

"ಮುಂದಿನ ವರ್ಷ ಕೊಡು. ಪರೀಕ್ಷಾ ಎಲ್ಲಿ ಓಡಿ ಹೋಗ್ತದ?"

"ನಾ ಒಬ್ಬಾಕಿನೇ ಇರ್ತೇನಿ ಇಲ್ಲಿ."

"ಓಣಿಗಿ ಓಣೀನೇ ಖಾಲಿ ಆಗ್ಲತ್ತದ, ಒಬ್ಬಾಕಿನೇ ಇರ್ತಾಳಂತ!"

ಅಪ್ಪ ಕೆಟ್ಟವನಲ್ಲ. ಹೆದರಿದ್ದ. ಆದರೆ ಪರೀಕ್ಷೆ ಓಡಿಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ನಮ್ಮ ಓಣಿಯಿಂದ ಹಾಗೆ ನಡುವೆಯೇ ಬಿಟ್ಟು ಹೋದ ಹುಡುಗಿಯರು ಮೊದಲು ಉಸುಕಿನ ಬುಟ್ಟಿ ಹೊತ್ತರು, ಆಮೇಲೆ ಅಲ್ಲೇ ಯಾರನ್ನೋ ಮದುವೆಯಾದರು. ಪುಸ್ತಕದ ಕಡೆ ತಿರುಗಿ ಬಂದವಳು ಒಬ್ಬಳೂ ಇಲ್ಲ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಒಂದು ಮಾತೂ ಆಡಲಿಲ್ಲ. ಅಪ್ಪನ ಮೇಲೆ ಬಂದಿದ್ದಕ್ಕಿಂತ ಹೆಚ್ಚಿನ ಸಿಟ್ಟು ನನಗೆ ಅವಳ ಆ ಸುಮ್ಮನಿರುವಿಕೆಯ ಮೇಲೆ ಬಂತು.

ಪ್ರಾಜೆಕ್ಟೇನು ಮುಗಿದಿತ್ತು. ಆದರೆ ಲ್ಯಾಪ್‌ಟಾಪಿಗೆ ವೈರಸ್ ಹೊಕ್ಕು, ಭಾಲ್ಕಿಯ ರಿಪೇರಿಯವನು ಒಳಗಿದ್ದುದನ್ನೆಲ್ಲ ತೊಳೆದು ಕೊಟ್ಟಿದ್ದ. ನಾನು ಬರೆದ ಪ್ರೋಗ್ರಾಂ ಪೆನ್‌ಡ್ರೈವಿನಲ್ಲಿ ಉಳಿದಿತ್ತು. ಅದು ಓಡಲು ಬೇಕಾದ ಪ್ಯಾಕೇಜುಗಳು ಉಳಿದಿರಲಿಲ್ಲ. ಪ್ಯಾಕೇಜ್ ಎಂದರೆ ಬೇರೆ ಯಾರೋ ಬರೆದು, ಎಲ್ಲರಿಗೂ ಬಳಸಲು ಬಿಟ್ಟ ಕೆಲಸ. ನನ್ನದು ನಮ್ಮ ಊರಿನ ಮಳೆಯ ಲೆಕ್ಕವನ್ನು ಗೆರೆ ಎಳೆದು ತೋರಿಸುವ ಪ್ರೋಗ್ರಾಂ. ಗೆರೆ ಎಳೆಯುವ ಕಲೆ ನಾನು ಬರೆದದ್ದಲ್ಲ, ಅದು ಪ್ಯಾಕೇಜಿನದು. ಕಪ್ಪು ಕಿಟಕಿಯೊಂದನ್ನು ತೆರೆದು 'ಪಿಪ್ ಇನ್‌ಸ್ಟಾಲ್' ಎಂದು ಬರೆದು ಮುಂದೆ ಅದರ ಹೆಸರು ಹಾಕಿದರೆ ಯಂತ್ರ ಅದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುತ್ತದೆ. ಆ ಪ್ಯಾಕೇಜಿಗೆ ಇನ್ನೊಂದು ಪ್ಯಾಕೇಜ್ ಬೇಕು, ಅದಕ್ಕೆ ಮತ್ತೊಂದು. ಒಂದನ್ನು ಕರೆದರೆ ಅದರ ನೆಂಟರೆಲ್ಲ ಬಂದು ಕೂಡಬೇಕು. ಒಂದು ಬರದಿದ್ದರೂ ಯಾವುದೂ ನಡೆಯುವುದಿಲ್ಲ.

ಔರಾದಿನಲ್ಲಿ ಆಗ ನಮ್ಮ ಓಣಿಗೆ ಸಿಗ್ನಲ್ ಬರುತ್ತಿದ್ದದ್ದು ಮಾಳಿಗೆಯ ಮೇಲೆ ಮಾತ್ರ. ಫೋನನ್ನು ಗೋಡೆಯ ತುದಿಗಿಟ್ಟು, ಸೆರಗಿನ ನೆರಳಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತೆ. ಎಷ್ಟು ಇಳಿದಿದೆ ಎಂದು ತೋರಿಸುವ ಗೆರೆ ಅರ್ಧದವರೆಗೆ ತುಂಬುತ್ತಿತ್ತು, ನಿಲ್ಲುತ್ತಿತ್ತು, ಆಮೇಲೆ ಕೆಂಪು ಅಕ್ಷರಗಳ ಸಾಲು ಸುರಿಯುತ್ತಿತ್ತು. ಕಾದು ಕಾದು ಸಾಕಾಯಿತು ಎಂಬುದೇ ಅದರ ಅರ್ಥ. ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು.

ಪಕ್ಕದ ಮಾಳಿಗೆಯಲ್ಲಿ ಖಾಲಾ ಮೆಣಸಿನಕಾಯಿ ಒಣಹಾಕುತ್ತಿದ್ದಳು.

"ಏನ್ ಮಾಡ್ಲತ್ತಿ ಬೇಟಿ, ಇಂಥಾ ಬಿಸಲಾಗ?"

"ಪ್ಯಾಕೇಜ್ ಇಳಸ್ಲತ್ತೀನಿ ಖಾಲಾ. ಇಳೀವಲ್ದು."

"ಪ್ಯಾಕೇಜಾ?" ಎಂದು ಖಾಲಾ ಮೆಣಸಿನಕಾಯಿ ಬಿಟ್ಟು ನೆಟ್ಟಗೆ ನಿಂತಳು. "ಅಚ್ಛಾ. ಇಳಸು, ಇಳಸು."

ಆಗ ನನಗೆ ಏನೂ ಅನಿಸಲಿಲ್ಲ. ಈಗ ಯೋಚಿಸಿದರೆ, ನಮ್ಮ ಕಡೆ ಆ ವರ್ಷ ಆ ಶಬ್ದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಟೀವಿ ಹಚ್ಚಿದರೆ ಬರದ ತಾಲೂಕುಗಳಿಗೆ ವಿಶೇಷ ಪ್ಯಾಕೇಜ್ ಎಂಬ ಸುದ್ದಿ. ಪ್ಯಾಕೇಜ್ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಓಣಿಯವರು ಬಸ್ಸಿಗೆ ಬರುವ ಬೀಗರ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದರು. ಬರುವ ಹೊತ್ತಿಗೆ ಮನೆಗೆ ಬೀಗ ಹಾಕಿದವರ ಹೆಸರು ಹೊಡೆದುಹಾಕುತ್ತಾರೆ ಎಂಬ ಹೆದರಿಕೆ ಬೇರೆ. ಇನ್ನು 'ಇಳಿಸು' ಎಂಬ ಮಾತು. ಟ್ಯಾಂಕರಿನಿಂದ ನೀರು ಇಳಿಸುತ್ತಾರೆ, ಲಾರಿಯಿಂದ ಚೀಲ ಇಳಿಸುತ್ತಾರೆ. ಹಾಗಿದ್ದ ಮೇಲೆ ಕಾಲೇಜು ಓದಿದ ಹುಡುಗಿ ಪ್ಯಾಕೇಜ್ ಇಳಿಸುತ್ತಿದ್ದಾಳೆ ಎಂದರೆ ಓಣಿಯವರು ತಿಳಿದುಕೊಳ್ಳುವುದು ಬೇರೆ ಏನನ್ನು?

ಬುಧವಾರ ಬೀದರಿಗೆ ಹೋದೆ. ಚೌಬಾರಾದ ಹತ್ತಿರದ ಗಲ್ಲಿಯಲ್ಲಿ ಗೆಳತಿಯೊಬ್ಬಳು ಹೇಳಿದ ಇಂಟರ್ನೆಟ್ ಅಂಗಡಿಯಿತ್ತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು, ಬಸ್ಸಿನ ನೂಕಾಟದಲ್ಲಿ ಅದನ್ನು ಒಯ್ಯಲು ಹೆದರಿ ಪೆನ್‌ಡ್ರೈವ್ ಮಾತ್ರ ಒಯ್ದಿದ್ದೆ. ಅಂಗಡಿಯ ಯಂತ್ರದಲ್ಲಿ ಪ್ಯಾಕೇಜುಗಳನ್ನು ಇಳಿಸಿ ತುಂಬಿಕೊಂಡು ಗೆದ್ದವಳಂತೆ ಮನೆಗೆ ಬಂದೆ. ಊರಿನಲ್ಲಿ ಕರೆಂಟು ಬಂದದ್ದು ಗುರುವಾರ ಸಂಜೆ. ಹಾಕಲು ಹೋದರೆ ಆಗಲಿಲ್ಲ. ಅವು ಅಂಗಡಿಯ ಹೊಸ ಯಂತ್ರಕ್ಕೆ ಹೊಂದುವ ಪ್ಯಾಕೇಜುಗಳು, ನನ್ನ ಹಳೆಯ ಯಂತ್ರಕ್ಕೆ ಆಗಿ ಬರುವವಲ್ಲ. ಇಳಿಸುವಾಗಲೇ ಎಂಥ ಯಂತ್ರಕ್ಕೆ ಎಂದು ಹೇಳಬೇಕಿತ್ತು. ಯಾರೂ ನನಗೆ ಅದನ್ನು ಕಲಿಸಿರಲಿಲ್ಲ.

ಲ್ಯಾಪ್‌ಟಾಪಿನ ಮೇಲೆ ತಲೆಯಿಟ್ಟು ಅತ್ತೆ. ಹೊರಗೆ ಅಪ್ಪ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದ. ಅವ್ವ ಬಂದು ಪಕ್ಕದಲ್ಲಿ ಕೂತಳು.

"ಇದು ಟೀವಿ ಒಳಗ ಹೇಳ್ತಾರಲ್ಲ, ಆ ಪ್ಯಾಕೇಜೇನ?"

"ಅಲ್ಲ ಅವ್ವ! ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ." ಅಳುವಿನಲ್ಲೂ ರೇಗಿದೆ. ಆಮೇಲೆ ಅವಳ ಮುಖ ನೋಡಿ ಅವಳಿಗೆ ಗೊತ್ತಿದ್ದ ಕೆಲಸದಲ್ಲೇ ಹೇಳಿದೆ. "ಗೋಡಿ ಕಟ್ಟಬೇಕಂದ್ರ ಇಟ್ಟಂಗಿ, ಉಸುಕು, ಸಿಮಿಟ, ನೀರು ಬೇಕಲ್ಲ? ನನ್ನ ಗೋಡಿಗಿ ಬೇಕಾಗಿದ್ದು ಬೀದರದಾಗ ಇಳಸಿದ್ನಿ. ಅಳತಿ ತಪ್ಪದ. ಮತ್ತೊಮ್ಮಿ ಹೋಗಿ ಸರಿ ಅಳತೀದು ಇಳಸಬೇಕು. ಒಂದು ಬಂದ್ರ ಅದರ ಬೆನ್ನ ಹತ್ತಿ ಎಲ್ಲಾ ಬರ್ತಾವ. ಒಂದು ನಿಂತ್ರ ಎಲ್ಲಾ ನಿಂದರ್ತಾವ."

"ನಾಳಿಗಿ ಹೋದ್ರ ಆಗ್ತದೇನ?"

"ನಾಳಿಗಿ ಟೆಂಪೊ ಅದಲ್ಲ."

ಅವ್ವ ಹೊರಗೆ ಹಗ್ಗ ಬಿಗಿಯುತ್ತಿದ್ದ ಅಪ್ಪನ ಕಡೆ ನೋಡಿದಳು. "ಮುಂಜಾನಿ ಮೊದಲ ಬಸ್ಸಿಗಿ ಹೋಗು. ನಿಮ್ಮ ಅಪ್ಪಗ ನಾ ಹೇಳ್ತೇನಿ. ಇಳದ ಕೂಡ್ಲೇ ನನಗ ಫೋನ್ ಮಾಡು, ಮರೀಬ್ಯಾಡ," ಎಂದಳು.

ಈ ಸಲ ಪೆನ್‌ಡ್ರೈವಿನ ಉಸಾಬರಿಯೇ ಬೇಡವೆಂದು ಲ್ಯಾಪ್‌ಟಾಪನ್ನೇ ಚಾದರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ಖಾಲಿ ಕೊಡಗಳ ಸಾಲು, ಕೊಡಗಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ ಹೆಂಗಸರು. ನನ್ನ ಕಣ್ಣಿಗೆ ಅವರು ಯಾರೂ ಬೀಳಲಿಲ್ಲ ಎಂದೇ ಹೇಳಬೇಕು. ಟೆಂಪೊ ಒಂದೇ ಕಾಣುತ್ತಿತ್ತು.

ಅಂಗಡಿಯ ಭಾಯಿ ನನ್ನ ಮುಖ ನೋಡಿದವನೇ ಏನೂ ಕೇಳದೆ ತನ್ನ ಯಂತ್ರದ ಇಂಟರ್ನೆಟ್ ವೈರು ಕಿತ್ತು ನನ್ನದಕ್ಕೆ ಚುಚ್ಚಿದ. "ಆರಾಮ್ ಮಾಡ್ರಿ ಮೇಡಂ, ಗಡಬಡ ಬ್ಯಾಡ," ಎಂದ. ಅವನ ಕೂಲರಿನಲ್ಲಿ ನೀರಿರಲಿಲ್ಲ, ಅದು ಬರೀ ಬಿಸಿಗಾಳಿ ಊದುತ್ತಿತ್ತು. ನನ್ನ ಬೆರಳುಗಳು ಕೀಲಿಗಳ ಮೇಲೆ ಜಾರುತ್ತಿದ್ದವು. ಒಂದು ಅಕ್ಷರ ತಪ್ಪಿ ಬರೆದೆ, ಅಂಥ ಹೆಸರಿನದು ಯಾವುದೂ ಇಲ್ಲ ಎಂದಿತು. ತಿದ್ದಿದೆ. ಗೆರೆ ತುಂಬತೊಡಗಿತು. ಒಂದು ತುಂಬಿತು, ಅದರ ಕೆಳಗೆ ಇನ್ನೊಂದು ಹುಟ್ಟಿತು, ಅದು ತುಂಬಿತು. ಅರ್ಧದಲ್ಲಿ ಒಮ್ಮೆ ನಿಂತಾಗ ನಾನೂ ಉಸಿರು ಹಿಡಿದೆ. ಮತ್ತೆ ಹೊರಟಿತು. ಕೊನೆಗೆ 'ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್' ಎಂದು, ಬಂದ ನೆಂಟರೆಲ್ಲರ ಹೆಸರು ಒಂದೇ ಸಾಲಿನಲ್ಲಿ ಬಂದು ನಿಂತಿತು. ನನ್ನ ಪ್ರೋಗ್ರಾಂ ಓಡಿಸಿದೆ. ಔರಾದಿನ ಮಳೆಯ ಗೆರೆ ಪರದೆಯ ಮೇಲೆ ಮೂಡಿತು.

ಹೊರಗೆ ಓಡಿ ಅವ್ವನಿಗೆ ಫೋನ್ ಮಾಡಿದೆ.

"ಅವ್ವ, ಇಳೀತು! ಎಲ್ಲಾ ಇಳೀತು!"

"ಏನಂದಿ? ಜೋರ ಹೇಳು."

"ಪ್ಯಾಕೇಜ್ ಇಳೀತು!"

"ಪ್ಯಾಕೇಜ್ ಇಳೀತಂತ!" ಎಂದು ಅವ್ವ ಯಾರಿಗೋ ಗಟ್ಟಿಯಾಗಿ ಹೇಳಿದ್ದು ಕೇಳಿಸಿತು. ಅದರ ಹಿಂದೆಯೇ ಹತ್ತಾರು ದನಿಗಳ ಗದ್ದಲ. ಓಣಿಗೆ ಟ್ಯಾಂಕರ್ ಬಂದಿರಬೇಕು ಎಂದುಕೊಂಡೆ. ಫೋನ್ ಕಟ್ಟಾಯಿತು.

ಊರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಟೆಂಪೊ ಹೋಗಿಬಿಟ್ಟಿತ್ತು. ಓಣಿಯ ಬಾಯಿಯಲ್ಲಿ ಖಾಲಾ, ಅವಳ ಗಂಡ, ಇನ್ನೊಂದಿಷ್ಟು ಮನೆಗಳವರು, ಎಲ್ಲರಿಗಿಂತ ಹಿಂದೆ ಅಪ್ಪ ಅವ್ವ ನಿಂತಿದ್ದರು. ಕಟ್ಟಿದ ಗಂಟುಗಳು ಬಾಗಿಲುಗಳ ಮುಂದೆ ಹಾಗೇ ಇದ್ದವು. ಎಲ್ಲರ ಮುಖದಲ್ಲೂ ನಗು. ಅಷ್ಟು ದಿನ ಆ ಓಣಿಯಲ್ಲಿ ನಾನು ಅಂಥ ನಗು ನೋಡಿರಲಿಲ್ಲ.

ಖಾಲಾ ನನ್ನ ಎರಡೂ ಕೈ ಹಿಡಿದುಕೊಂಡಳು. "ಬೇಟಿ, ಖರೇನಾ ಇಳೀತಾ?"

"ಹೂಂ ಖಾಲಾ, ಎಲ್ಲಾ ಇಳೀತು." ನನ್ನ ಪರೀಕ್ಷೆಗಾಗಿ ಇಷ್ಟು ಜನ ಕಾದಿದ್ದಾರಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

"ನಮ್ಮ ಹೆಸರೂ ಅದನಾ? ಯಾವಾಗ ಹಂಚ್ತಾರಂತ?"

"ಏನು ಹಂಚ್ತಾರ?"

ಖಾಲಾಳ ಗಂಡ ತಾಳ್ಮೆಯಿಂದ ಬಿಡಿಸಿ ಹೇಳಿದ. ಬೀದರಿನಲ್ಲಿ ಬರದ ಪ್ಯಾಕೇಜ್ ಇಳಿದಿದೆ ಎಂದು ನಮ್ಮ ಅವ್ವ ಮುಕಾದಮನ ಎದುರೇ ಹೇಳಿದಳಂತೆ. ಮನೆಯಲ್ಲಿ ಇದ್ದವರಿಗಷ್ಟೇ ಸಿಗುತ್ತದೆ, ನಾವಂತೂ ಬರುವುದಿಲ್ಲ ಎಂದಳಂತೆ. ಅಪ್ಪ ಗಂಟು ಇಳಿಸಿದ್ದನ್ನು ನೋಡಿ ಅವರೂ ಇಳಿಸಿದರು. ಮುಕಾದಮ ಬೈದು, ಕಾದು, ಆ ಜಾಗಗಳನ್ನು ತುಂಬಲು ಹತ್ತಿರದ ಸಂತಪೂರದಿಂದ ಬೇರೆಯವರನ್ನು ಹತ್ತಿಸಿಕೊಂಡು ಹೋದ.

ಚಾದರ ಬಿಚ್ಚಿ ಲ್ಯಾಪ್‌ಟಾಪ್ ತೋರಿಸಿದೆ. "ಇದರಾಗ ಇಳದಿದ್ದು. ಇದು ಕಂಪ್ಯೂಟರಿನ ಪ್ಯಾಕೇಜ್, ಖಾಲಾ."

ಯಾರೋ ಒಬ್ಬರು ನಕ್ಕರು. ಉಳಿದವರು ನಗಲಿಲ್ಲ. ಖಾಲಾ ನನ್ನ ಕೈ ಬಿಟ್ಟಳು, ಮನೆಯ ಮುಂದಿನ ಗಂಟನ್ನು ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಅವ್ವನ ಕಡೆ ತಿರುಗಿ, "ಏನ್ ಮಾಡಿಟ್ಟಿ ಹುಚ್ಚಿ!" ಎಂದ. "ನನಗೇನ್ ತಿಳೀತದ್ರಿ? ಅಕೀನೇ ಇಳೀತು ಅಂದ್ಳು," ಎಂದಳು ಅವ್ವ. ಅಷ್ಟು ಬಿಡಿಸಿ ಹೇಳಿದ್ದೆನಲ್ಲ, ಒಂದೂ ತಲೆಗೆ ಹೋಗಲಿಲ್ಲವೇ ಎಂದು ನನಗೆ ಅವಳ ಮೇಲೆ ಉರಿದುಹೋಯಿತು.

ಸೋಮವಾರ ಭಾಲ್ಕಿಗೆ ಹೋದೆ. ಪ್ರೋಗ್ರಾಂ ಓಡಿತು. ಪರೀಕ್ಷಕರು ಪರದೆಯ ಹತ್ತಿರ ಬಗ್ಗಿ, ಗೆರೆ ನೆಲ ಹಿಡಿದು ಮಲಗಿದ್ದ ಜಾಗವನ್ನು ಪೆನ್ನಿನಿಂದ ಮುಟ್ಟಿ ತೋರಿಸಿದರು.

"ಇಲ್ಲಿ ಡೇಟಾ ಬಿಟ್ಟುಹೋಗಿದೆಯಲ್ಲಮ್ಮ. ತಪ್ಪು."

"ಬಿಟ್ಟಿಲ್ರಿ ಸರ್. ಮಳೀನೇ ಬಂದಿಲ್ರಿ."

ಅವರು ನನ್ನನ್ನೊಮ್ಮೆ ನೋಡಿ, ಸಹಿ ಹಾಕಿ, ಮುಂದಿನ ಹುಡುಗನ ಕಡೆಗೆ ಹೋದರು. ನಾನು ಪಾಸಾದೆ. ಆ ಪಾಸಿನ ಮೇಲೆಯೇ ಇವತ್ತು ಬೀದರಿನಲ್ಲಿ ನೌಕರಿ ಮಾಡುತ್ತಿದ್ದೇನೆ, ಅಪ್ಪ ಅವ್ವ ಔರಾದಿನ ಅದೇ ಮನೆಯಲ್ಲಿದ್ದಾರೆ.

ಓಣಿಯವರ ಪ್ಯಾಕೇಜ್ ಮಾತ್ರ ಇಳಿಯಲಿಲ್ಲ. ಉಳಿದವರೆಲ್ಲ ಕೆಲವು ವಾರ ಕಾದು, ಇನ್ನೊಬ್ಬ ಮುಕಾದಮನ ಹಿಂದೆ ಪುಣೆಗೆ ಹೋದರು. ಅಪ್ಪನೂ ಹೋದ, ಮಳೆಗಾಲಕ್ಕೆ ತಿರುಗಿ ಬಂದ. ಅಲ್ಲಿ ಪಕ್ಕಾ ಖೋಲಿ ಇರಲಿಲ್ಲ, ತಗಡಿನ ಕೆಳಗೆ ಇರಬೇಕಿತ್ತು, ನೀರು ದೂರದಿಂದ ಹೊರಬೇಕಿತ್ತು. ಹೊರುವಾಗ ಖಾಲಾ ಮೆಟ್ಟಿಲಿನಿಂದ ಬಿದ್ದಳು. ಮುರಿದ ಸೊಂಟ ಸರಿಯಾಗಿ ಕೂಡಲಿಲ್ಲ. ಗಂಡ ಹೆಂಡತಿ ಔರಾದಿನಲ್ಲಿ ಇರಲು ತಿರುಗಿ ಬರಲಿಲ್ಲ, ಪುಣೆಯಲ್ಲೇ ಮಗಳ ಮನೆಯ ಹತ್ತಿರ ಉಳಿದುಕೊಂಡರು. ನಮ್ಮ ಪಕ್ಕದ ಬಾಗಿಲಿನ ಬೀಗ ತುಕ್ಕು ಹಿಡಿಯಿತು.

ಹೋದ ವರ್ಷ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಕೊಡಲು ಖಾಲಾ ಬಂದಿದ್ದಳು. ನಾನೂ ರಜೆಗೆ ಮನೆಯಲ್ಲಿದ್ದೆ. ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ನಮ್ಮ ಪಡಸಾಲೆಗೆ ಬಂದಳು. ನನ್ನನ್ನು ನೋಡಿದ ಕೂಡಲೇ, "ಏ ಪ್ಯಾಕೇಜ್ ಬಾಯಿ!" ಎಂದು ನಕ್ಕು ಎರಡೂ ಕೈಯಿಂದ ದೃಷ್ಟಿ ತೆಗೆದಳು. ಹಳೆಯ ಸಿಟ್ಟಿನ ಸುಳಿವೂ ಇರಲಿಲ್ಲ. ಹಳೆಯದನ್ನೆಲ್ಲ ತಾನೇ ತೆಗೆದು ನಗಾಡಿದಳು.

"ನಿಮ್ಮ ಅವ್ವಗ ಏನ್ ಗೊತ್ತು ಪಾಪ, ನನ್ನಂಗೇ ಅನಪಡ್, ಓದು ಬರದಾಕಿ. ಪ್ಯಾಕೇಜ್ ಅಂದ್ರ ಪ್ಯಾಕೇಜ್ ಅಂದ್ಳು ಅಕಿ, ಪ್ಯಾಕೇಜ್ ಅಂದ್ರ ಪ್ಯಾಕೇಜ್ ಅಂದ್ನಿ ನಾ!"

ಅವ್ವ ನಗಲಿಲ್ಲ. ಎದ್ದು ಚಹಾ ಮಾಡಲು ಹೋದಳು. ತಂದ ಚಹಾಕ್ಕೆ ಸಕ್ಕರೆ ಬಿದ್ದಿರಲಿಲ್ಲ. ಖಾಲಾ ಏನೂ ಅನ್ನದೆ ಕುಡಿದು, ಅವ್ವನ ಭುಜ ಹಿಡಿದು ಎದ್ದು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಓಣಿಯ ತಿರುವು ದಾಟುವವರೆಗೆ ಅವಳ ಎಳೆದು ಎಳೆದು ಇಡುವ ಹೆಜ್ಜೆಯ ಸಪ್ಪಳ ಕೇಳುತ್ತಿತ್ತು.

"ನನಗ ಗೊತ್ತಿತ್ತು," ಎಂದಳು ಅವ್ವ.

"ಏನ?"

"ಅದು ನಿನ್ನ ಕಂಪ್ಯೂಟರಿಂದು ಅಂತ. ನೀ ಹೇಳಿದ್ದಿ, ತಿಳದಿತ್ತು." ಅವಳು ನನ್ನ ಮುಖ ನೋಡದೆ ಹೇಳಿದಳು. "ಪರೀಕ್ಷಾಕ್ಕ ಇರ್ತೇವಂದ್ರ ನಿಮ್ಮ ಅಪ್ಪ ಕೇಳ್ತಿದ್ದಿಲ್ಲ. ಪ್ಯಾಕೇಜಿಗಿ ಇರ್ತೇವಂದ್ರ ಕೇಳ್ತಾರ ಅಂತ ಗೊತ್ತಿತ್ತು. ನಮ್ಮ ಮನಿ ಒಂದು ನಿಂತ್ರ ಸಾಕಾಗಿತ್ತು ನನಗ."

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಇಷ್ಟು ವರ್ಷ ದಡ್ಡಿ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಅವಳನ್ನು ತಬ್ಬಿಕೊಳ್ಳಬೇಕು ಎನಿಸಿತು, ಖಾಲಾಳ ಹೆಜ್ಜೆ ಕಿವಿಯಲ್ಲಿತ್ತು, ಆಗಲಿಲ್ಲ.

"ಖಾಲಾಗ ಅವತ್ತೇ ಸುಳ್ಳು ಅಂತ ಹೇಳಬೇಕಾಗಿತ್ತಲ್ಲ ಅವ್ವ. ಅಕಿನರ ಟೆಂಪೊ ಹತ್ತತಿದ್ಳು. ಪ್ಯಾಕೇಜಿನ ಆಸೇಕ ನಿಂತ್ಳು ಪಾಪ."

"ಹೇಳಿದ್ನಿ," ಎಂದಳು ಅವ್ವ. "ಟೆಂಪೊದ ಬಾಜೂಕ ಕಿವಿ ಒಳಗ ಹೇಳಿದ್ನಿ, ಪ್ಯಾಕೇಜ್ ಗೀಕೇಜ್ ಏನೂ ಇಲ್ಲ, ನೀ ಹತ್ತು ಅಂತ. ಹುಡುಗೀನ ಇಟಗೊಂಡು ಖಾಲಿ ಓಣ್ಯಾಗ ನೀವೊಂದೇ ಮನಿಯವರು ಹ್ಯಾಂಗ ಇರ್ತೀರಿ ಅಂದ್ಳು. ತನ್ನ ಗಂಟು ತಾನೇ ಇಳಸಿದ್ಳು. ಗಂಡಗೂ ಹೇಳಲಿಲ್ಲ, ನೀ ಬಂದಾಗ ಎಲ್ಲರ ಮುಂದ ಏನೂ ಗೊತ್ತಿಲ್ದಾಕಿ ಹಂಗ ಕೇಳಿದ್ಳು."

ಖಾಲಾ ಕುಡಿದಿಟ್ಟ ಕಪ್ಪು ಅವ್ವನ ಕೈಯಲ್ಲೇ ಇತ್ತು. ತೊಳೆಯಲು ಏಳದೆ, ಅದನ್ನು ಹಿಡಿದುಕೊಂಡೇ ಬಹಳ ಹೊತ್ತು ಕೂತಿದ್ದಳು.